ವೈದ್ಯೆಯಾದ ಕನ್ಯಾಸ್ತ್ರೀ: ಮೇರಿ ಗ್ಲೌರಿ

ಗಣಿಯೊಳಗೆ ಬಂಡೆ ಸಿಡಿದು ನೆಲ ನಡುಗಿದಾಗ ಕೋಲಾರ ಚಿನ್ನದ ಗಣಿಯ ಕುಟುಂಬಗಳು ಮೊದಲು ನೆನೆಯುತ್ತಿದ್ದುದು ದೇವರನ್ನು, ಬಳಿಕ ಗಣಿಯ ಆಸ್ಪತ್ರೆಯನ್ನು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು, ಆಸ್ಪತ್ರೆಯೂ ಪಾಳುಬಿದ್ದಿತು. 2021ರಲ್ಲಿ ಕೋವಿಡ್ ಎರಡನೆಯ ಅಲೆ ಅಪ್ಪಳಿಸಿದಾಗ ಆ ಕಟ್ಟಡವನ್ನು ಗುಡಿಸಿ, ತೊಳೆದು ರೋಗಿಗಳಿಗೆ ಅಣಿಗೊಳಿಸಿದವರು ಸ್ವಯಂಸೇವಕರು. ಇದನ್ನು ಸ್ಮರಿಸುವಾಗ ನಮಗೆ ನೆನಪಾಗುವವರು ಭಗಿನಿ ಮೇರಿ ಗ್ಲೌರಿ. ಆಪತ್ತು ಬರುವ ಮೊದಲೇ ಊರಿನವರ ಕೈಗಳನ್ನು ಶುಶ್ರೂಷೆಗೆ ಪಳಗಿಸಬೇಕೆಂಬುದನ್ನು ನೂರು ವರ್ಷಗಳ ಹಿಂದೆಯೇ ಅರಿತು ನಡೆದ ತಾಯಿ ಆಕೆ.

1887ರ ಜೂನ್ 23ರಂದು ಆಸ್ಟ್ರೇಲಿಯಾದ ವಿಕ್ಟೋರಿಯಾ ಪ್ರಾಂತ್ಯದಲ್ಲಿ ಜನಿಸಿದ ಮೇರಿ, 1910ರಲ್ಲಿ ಮೆಲ್ಬೋರ್ನ್ ವಿಶ್ವವಿದ್ಯಾನಿಲಯದಿಂದ ವೈದ್ಯ ಪದವಿ ಪಡೆದರು. ಕೈತುಂಬ ಸಂಪಾದನೆ, ನಗರದಲ್ಲಿ ಒಳ್ಳೆಯ ಹೆಸರು. 1915ರಲ್ಲಿ ಡಾ. ಆಗ್ನೆಸ್ ಮೆಕ್‌ಲಾರೆನ್ ಅವರ ಜೀವನವನ್ನು ಕುರಿತ ಕಿರುಹೊತ್ತಗೆಯೊಂದು ಅವರ ಕೈಸೇರಿತು. ಪುರುಷ ವೈದ್ಯರ ಬಳಿ ಹೋಗಲಾರದೆ ಭಾರತದ ತಾಯಂದಿರು ಸಾಯುತ್ತಿದ್ದಾರೆಂಬ ಸಂಗತಿ ಅವರ ಮನಸ್ಸನ್ನು ಕಲಕಿತು. 1920ರಲ್ಲಿ ಎಲ್ಲವನ್ನೂ ತೊರೆದು ಗುಂಟೂರಿಗೆ ಬಂದು ಯೇಸು ಮರಿಯ ಜೋಸೆಫರ ಸಭೆಯನ್ನು ಸೇರಿದರು.

ಕನ್ಯಾಸ್ತ್ರೀಯರು ವೈದ್ಯವೃತ್ತಿ ನಡೆಸುವುದಕ್ಕೆ ಆಗ ಧರ್ಮಸಭೆಯ ನಿಯಮವೇ ಅಡ್ಡಿಯಾಗಿತ್ತು. ಜಗದ್ಗುರು 15ನೆಯ ಬೆನೆಡಿಕ್ಟರು ಅವರಿಗೆ ವಿಶೇಷ ಅನುಮತಿಯಿತ್ತರು. ಎಲ್ಲರಿಗೂ ಆ ಬಾಗಿಲು ತೆರೆದದ್ದು 1936ರಲ್ಲಿ.

ಗುಂಟೂರಿನಲ್ಲಿ ಸಣ್ಣ ಔಷಧಾಲಯವೊಂದು ಅವರ ಕೈಯಲ್ಲಿ ಸಂತ ಜೋಸೆಫರ ಆಸ್ಪತ್ರೆಯಾಗಿ ಬೆಳೆಯಿತು. ಆದರೆ ನಮ್ಮ ದೃಷ್ಟಿಯಲ್ಲಿ ಕಟ್ಟಡಕ್ಕಿಂತಲೂ ಹಿರಿದಾದ ಕೆಲಸ ಬೇರೊಂದಿದೆ. ಸಾವಿರಾರು ರೋಗಿಗಳಿಗೆ ಒಬ್ಬ ವೈದ್ಯೆ ಸಾಲದೆಂದು ಕಂಡುಕೊಂಡ ಆಕೆ ಸ್ಥಳೀಯ ಹೆಣ್ಣುಮಕ್ಕಳನ್ನೇ ಸೂಲಗಿತ್ತಿಯರನ್ನಾಗಿ, ದಾದಿಯರನ್ನಾಗಿ, ಔಷಧ ಸಿದ್ಧಪಡಿಸುವವರನ್ನಾಗಿ ತರಬೇತುಗೊಳಿಸಿದರು. ನಮ್ಮ ನಾಟಿ ಮದ್ದುಗಳನ್ನೂ ಆಸಕ್ತಿಯಿಂದ ಅಭ್ಯಸಿಸಿದರು. ಪರದೇಶದಿಂದ ಬಂದ ಪದವೀಧರೆಯಲ್ಲಿ ಇಂಥ ವಿನಯ ಅಪರೂಪವೇ ಸರಿ!

1943ರಲ್ಲಿ ಅವರು ಕಟ್ಟಿದ ಕಥೋಲಿಕ ಆಸ್ಪತ್ರೆಗಳ ಸಂಘವು ದೇಶದ ಮೂಲೆಮೂಲೆಗಳಲ್ಲಿ ಒಂಟಿಯಾಗಿ ದುಡಿಯುತ್ತಿದ್ದ ಭಗಿನಿಯರನ್ನು ಒಂದುಗೂಡಿಸಿತು. ಕಥೋಲಿಕರದ್ದೇ ಆದ ವೈದ್ಯಕೀಯ ಕಾಲೇಜೊಂದು ಬೇಕೆಂಬುದು ಅವರ ಮತ್ತೊಂದು ಹಂಬಲ.

ಕೊನೆಯ ದಿನಗಳನ್ನು ಅವರು ಕಳೆದದ್ದು ಬೆಂಗಳೂರಿನಲ್ಲಿ. ಕ್ಯಾನ್ಸರ್ ವ್ಯಾಧಿಯಿಂದ ಬಳಲಿ 1957ರ ಮೇ 5ರಂದು ಪ್ರಭುವಿನ ಸನ್ನಿಧಿ ಸೇರಿದರು. 2013ರಲ್ಲಿ ಧರ್ಮಸಭೆ ಅವರನ್ನು ದೇವರ ಸೇವಕಿಯೆಂದು ಕರೆಯಿತು. ಅವರು ಹಂಬಲಿಸಿದ ಕಾಲೇಜು ಸಂತ ಜಾನರ ಹೆಸರಿನಲ್ಲಿ ಅದೇ ಬೆಂಗಳೂರಿನಲ್ಲಿ ಆರಂಭವಾದದ್ದು 1963ರಲ್ಲಿ, ಅವರು ತೀರಿಕೊಂಡ ಆರು ವರ್ಷಗಳ ತರುವಾಯ. ಮಾರಿಕುಪ್ಪಂನಿಂದಲೂ ಬಂಗಾರಪೇಟೆಯಿಂದಲೂ ರೈಲು ಹತ್ತಿ ಅಲ್ಲಿಗೆ ಹೋಗುವ ನಮ್ಮವರು ಇಂದಿಗೂ ಇದ್ದಾರೆ.