ಜೀನ್ ಸರಜೆನ್

ಜೀನ್ ಸರಜೆನ್ (ಫೆಬ್ರವರಿ 27, 1902 – ಮೇ 13, 1999) ಅಮೆರಿಕದ ವೃತ್ತಿಪರ ಗಾಲ್ಫ್ ಆಟಗಾರರು. ಇವರ ಮೂಲ ಹೆಸರು ಯುಜೆನಿಯೊ ಸರಚೇನಿ. ಗಾಲ್ಫ್ ಕ್ರೀಡೆಯ ನಾಲ್ಕು ಪ್ರಮುಖ ಪಂದ್ಯಾವಳಿಗಳಾದ ಯು.ಎಸ್. ಓಪನ್, ಬ್ರಿಟನ್ನಿನ ಓಪನ್ ಚಾಂಪಿಯನ್‌ಶಿಪ್, ಪಿಜಿಎ ಚಾಂಪಿಯನ್‌ಶಿಪ್ ಮತ್ತು ಮಾಸ್ಟರ್ಸ್‌ಗಳನ್ನು ವೃತ್ತಿಜೀವನದಲ್ಲಿ ಗೆದ್ದ ಮೊದಲ ಆಟಗಾರರು ಇವರೇ. ಒಟ್ಟು ಏಳು ಪ್ರಮುಖ ಪ್ರಶಸ್ತಿಗಳನ್ನು ಗಳಿಸಿದ ಇವರು, ಮರಳಿನಿಂದ ಚೆಂಡನ್ನು ಎತ್ತಲು ಬಳಸುವ ಆಧುನಿಕ ಸ್ಯಾಂಡ್ ವೆಡ್ಜ್‌ಗೆ ರೂಪ ಕೊಟ್ಟವರೆಂದೂ ಪ್ರಸಿದ್ಧರಾಗಿದ್ದಾರೆ. ಆಟಗಾರನ ಹೊಡೆತದ ರೀತಿಗೆ ಹೊಂದುವಂತೆ ವೆಡ್ಜ್‌ನ ತಳವನ್ನು ಉಜ್ಜಿ ಸಿದ್ಧಪಡಿಸಿಕೊಡುವ ಇಂದಿನ ಪದ್ಧತಿಯ ಹಿಂದೆ, 1930ರ ದಶಕದ ಆರಂಭದಲ್ಲಿ ಇವರು ತಮ್ಮ ಕೈಯಿಂದಲೇ ನಡೆಸಿದ ಪ್ರಯೋಗದ ಪಾಲು ದೊಡ್ಡದು.

ಜನನ ಮತ್ತು ಬಾಲ್ಯ

ಸರಜೆನ್ ಅವರು ನ್ಯೂಯಾರ್ಕ್ ರಾಜ್ಯದ ಹ್ಯಾರಿಸನ್ ಎಂಬ ಊರಿನಲ್ಲಿ, ಇಟಲಿಯಿಂದ ವಲಸೆ ಬಂದ ಬಡ ಕುಟುಂಬದಲ್ಲಿ ಜನಿಸಿದರು. ತಂದೆ ಫೆಡೆರಿಕೊ ಬಡಗಿಯಾಗಿದ್ದರು. ಮಗನೂ ಅದೇ ಕಸುಬನ್ನು ಹಿಡಿಯಬೇಕೆಂಬುದು ಅವರ ಅಪೇಕ್ಷೆಯಾಗಿತ್ತು. ಗಾಲ್ಫ್ ಬಗ್ಗೆ ಅವರಿಗೆ ಒಲವಿರಲಿಲ್ಲ. ಬಾಲಕ ಯುಜೆನಿಯೊ ಮಾತ್ರ ಸುಮಾರು ಹತ್ತನೆಯ ವಯಸ್ಸಿನಿಂದಲೇ ಹತ್ತಿರದ ಗಾಲ್ಫ್ ಮೈದಾನಗಳಲ್ಲಿ ಕ್ಯಾಡಿಯಾಗಿ, ಅಂದರೆ ಆಟಗಾರರ ಚೀಲ ಹೊರುವ ಸಹಾಯಕನಾಗಿ ದುಡಿಯತೊಡಗಿದನು. ಆಟವನ್ನು ಬಹುಮಟ್ಟಿಗೆ ನೋಡಿಯೇ ಕಲಿತನು.

ಮನೆಯ ಬಡತನದಿಂದಾಗಿ ಶಾಲಾ ಶಿಕ್ಷಣ ಅರ್ಧಕ್ಕೆ ನಿಂತಿತು. ಮೊದಲ ಮಹಾಯುದ್ಧದ ಕಾಲದಲ್ಲಿ ಕುಟುಂಬವು ಕನೆಕ್ಟಿಕಟ್ ರಾಜ್ಯದ ಬ್ರಿಜ್‌ಪೋರ್ಟ್‌ನಲ್ಲಿ ನೆಲೆಸಿದಾಗ ಅವರು ಅಲ್ಲಿನ ಕಾರ್ಖಾನೆಯಲ್ಲಿ ಕೆಲಸ ಮಾಡಿದರು. ಅಲ್ಲಿ ನ್ಯುಮೋನಿಯಾ ತಗುಲಿ ಪ್ರಾಣಕ್ಕೇ ಅಪಾಯವಾಯಿತು. ಚೇತರಿಸಿಕೊಂಡ ಮೇಲೆ ಹೊರಾಂಗಣದಲ್ಲಿ ದುಡಿಯುವಂತೆ ವೈದ್ಯರು ಸಲಹೆ ನೀಡಿದರು. ಕಾರ್ಖಾನೆಯನ್ನಾಗಲಿ ಬಡಗಿ ಕೆಲಸವನ್ನಾಗಲಿ ಮುಂದುವರಿಸದೆ ಅವರು ಗಾಲ್ಫ್ ಮೈದಾನಕ್ಕೆ ಮರಳಿದ್ದು ಹೀಗೆ. ತಮ್ಮ ಮೂಲ ಹೆಸರು ಪಿಟೀಲು ವಾದಕನ ಹೆಸರಿನಂತೆ ಕೇಳಿಸುತ್ತದೆಂದು ಭಾವಿಸಿ ಈ ಅವಧಿಯಲ್ಲಿಯೇ ಅವರು ಜೀನ್ ಸರಜೆನ್ ಎಂಬ ಹೆಸರನ್ನು ಇಟ್ಟುಕೊಂಡರು.

ಆರಂಭಿಕ ಗೆಲುವುಗಳು

ಹಲವು ಕ್ಲಬ್‌ಗಳಲ್ಲಿ ಸಹಾಯಕರಾಗಿ ಕೆಲಸ ಮಾಡಿದ ಸರಜೆನ್, 1922ರಲ್ಲಿ ಇಲಿನಾಯ್ ರಾಜ್ಯದ ಸ್ಕೋಕಿ ಮೈದಾನದಲ್ಲಿ ನಡೆದ ಯು.ಎಸ್. ಓಪನ್ ಗೆದ್ದರು. ಆಗ ಅವರಿಗೆ 20 ವರ್ಷ. ಕೊನೆಯ ಸುತ್ತನ್ನು 68 ಹೊಡೆತಗಳಲ್ಲಿ ಮುಗಿಸಿ, ಬಾಬಿ ಜೋನ್ಸ್ ಮತ್ತು ಜಾನ್ ಬ್ಲ್ಯಾಕ್ ಅವರನ್ನು ಒಂದು ಹೊಡೆತದ ಅಂತರದಿಂದ ಹಿಂದಿಕ್ಕಿದರು. ಅದೇ ವರ್ಷ ಓಕ್‌ಮಾಂಟ್‌ನಲ್ಲಿ ಪಿಜಿಎ ಚಾಂಪಿಯನ್‌ಶಿಪ್ ಗೆದ್ದರು. 1923ರಲ್ಲಿ ಪೆಲ್‌ಹ್ಯಾಮ್‌ನಲ್ಲಿ ನಡೆದ ಪಿಜಿಎ ಅಂತಿಮ ಪಂದ್ಯದಲ್ಲಿ ವಾಲ್ಟರ್ ಹೇಗನ್ ಅವರನ್ನು 38ನೇ ಕುಳಿಯಲ್ಲಿ ಸೋಲಿಸಿ ಆ ಪ್ರಶಸ್ತಿಯನ್ನು ಉಳಿಸಿಕೊಂಡರು.

ಅದೇ 1923ರಲ್ಲಿ ಸ್ಕಾಟ್ಲೆಂಡ್‌ನ ಟ್ರೂನ್‌ನಲ್ಲಿ ನಡೆದ ಓಪನ್‌ನಲ್ಲಿ ಆಡಲು ಹೋದ ಅವರು ಬಿರುಗಾಳಿಯ ನಡುವೆ ಅರ್ಹತಾ ಸುತ್ತನ್ನೇ ದಾಟಲಾಗಲಿಲ್ಲ. 1928ರ ಓಪನ್‌ನಲ್ಲಿ ಹೇಗನ್ ಅವರಿಗಿಂತ ಎರಡು ಹೊಡೆತ ಹಿಂದುಳಿದು ಎರಡನೆಯವರಾದರು. 1930ರಲ್ಲಿ ತಾವೇ ವೃತ್ತಿಪರರಾಗಿ ಸೇವೆ ಸಲ್ಲಿಸುತ್ತಿದ್ದ ಫ್ರೆಶ್ ಮೆಡೋ ಮೈದಾನದಲ್ಲಿ ನಡೆದ ಪಿಜಿಎ ಅಂತಿಮ ಪಂದ್ಯವನ್ನು ಟಾಮಿ ಆರ್ಮರ್ ಅವರಿಗೆ ಒಂದೇ ಕುಳಿಯ ಅಂತರದಿಂದ ಕಳೆದುಕೊಂಡರು. 1923ರ ನಂತರ 1932ರವರೆಗೆ ಒಂದೂ ಪ್ರಮುಖ ಪ್ರಶಸ್ತಿ ಅವರಿಗೆ ದಕ್ಕಲಿಲ್ಲ.

ಮರಳಿನ ಸಮಸ್ಯೆ

ಈ ಅವಧಿಯಲ್ಲಿ ಸರಜೆನ್ ಅವರ ಆಟದ ದುರ್ಬಲ ಅಂಗವೆಂದರೆ ಬಂಕರ್‌ಗಳಿಂದ, ಅಂದರೆ ಮೈದಾನದ ಮರಳಿನ ಗುಂಡಿಗಳಿಂದ, ಚೆಂಡನ್ನು ಹೊರತೆಗೆಯುವುದು. ಅಂದು ಇದಕ್ಕಾಗಿ ಹೆಚ್ಚಾಗಿ ಬಳಕೆಯಲ್ಲಿದ್ದ ಕೋಲು ನಿಬ್ಲಿಕ್. ಅದರ ಮುಖ ಸಾಕಷ್ಟು ಓರೆಯಾಗಿದ್ದರೂ ತಳ ತೆಳುವಾಗಿದ್ದು, ಮುಂದಿನ ಅಂಚು ಹರಿತವಾಗಿರುತ್ತಿತ್ತು. ಬೀಸಿದಾಗ ಆ ಅಂಚು ಗುದ್ದಲಿಯಂತೆ ಮರಳಿನೊಳಗೆ ಇಳಿದು ಅಲ್ಲಿಯೇ ಸಿಕ್ಕಿಕೊಳ್ಳುತ್ತಿತ್ತು. ಆಳಕ್ಕೆ ಇಳಿಯದಂತೆ ಚೆಂಡನ್ನಷ್ಟೇ ಹೊಡೆಯಲು ಯತ್ನಿಸಿದರೆ, ಕೂದಲೆಳೆಯಷ್ಟು ತಪ್ಪಿದರೂ ಚೆಂಡು ಗ್ರೀನ್ ದಾಟಿ ಹಾರಿಹೋಗುತ್ತಿತ್ತು.

ಇದಕ್ಕೆ ಪರಿಹಾರ ಹುಡುಕಿದವರು ಸರಜೆನ್ ಒಬ್ಬರೇ ಅಲ್ಲ. ಟೆಕ್ಸಾಸ್‌ನ ಎಡ್ವಿನ್ ಮೆಕ್ಲೇನ್ ಎಂಬವರು ಮುಖ ಒಳಬಾಗಿದ, ದಪ್ಪ ತಳದ ವೆಡ್ಜ್ ಒಂದಕ್ಕೆ 1928ರಲ್ಲಿ ಹಕ್ಕುಸ್ವಾಮ್ಯ ಪಡೆದಿದ್ದರು. ಹಾರ್ಟನ್ ಸ್ಮಿತ್ ಇದನ್ನು ಬಳಸಿದರು. ಬಾಬಿ ಜೋನ್ಸ್ 1930ರ ಓಪನ್ ಗೆದ್ದಾಗ ಅವರ ಚೀಲದಲ್ಲಿಯೂ ಅಂಥದೊಂದು ಕೋಲಿತ್ತು. ಆದರೆ ಚಮಚದಂತೆ ಬಾಗಿದ ಮುಖವು ಒಂದೇ ಬೀಸಿನಲ್ಲಿ ಚೆಂಡನ್ನು ಎರಡು ಬಾರಿ ತಾಗುವ ಸಾಧ್ಯತೆ ಇದ್ದುದರಿಂದ 1931ರಲ್ಲಿ ಅದನ್ನು ನಿಷೇಧಿಸಲಾಯಿತು. ಹೀಗಾಗಿ, ಮುಖವನ್ನು ಚಪ್ಪಟೆಯಾಗಿಯೇ ಉಳಿಸಿಕೊಂಡು ತಳವನ್ನು ಮಾತ್ರ ಬದಲಾಯಿಸುವ ದಾರಿ ಉಳಿಯಿತು.

ಸ್ಯಾಂಡ್ ವೆಡ್ಜ್ ರೂಪುಗೊಂಡ ಬಗೆ

ಸರಜೆನ್ ಅವರು ಮುಂದೆ ವಿವರಿಸಿದಂತೆ, ಈ ಕಲ್ಪನೆ ಅವರಿಗೆ ಹೊಳೆದದ್ದು ವಿಮಾನದಿಂದ. ಉದ್ಯಮಿ ಹೋವರ್ಡ್ ಹ್ಯೂಸ್ ಅವರ ಒಡನಾಟದಲ್ಲಿ ಅವರಿಗೆ ವಿಮಾನ ಹಾರಾಟದ ಪರಿಚಯವಾಗಿತ್ತು. ವಿಮಾನ ಮೇಲೇರುವಾಗ ಬಾಲ ಕೆಳಗಿಳಿದು ಮೂತಿ ಮೇಲೇಳುವುದನ್ನು ಅವರು ಗಮನಿಸಿದರು. ಕೋಲಿನ ತಳದ ಹಿಂಭಾಗವೂ ಮುಂದಿನ ಅಂಚಿಗಿಂತ ಕೆಳಗಿದ್ದರೆ, ಅದು ಮರಳಿನಲ್ಲಿ ಹೂತುಹೋಗದೆ ಜಾರಿಕೊಂಡು ಮೇಲೆ ಬರಬಹುದೆಂದು ತರ್ಕಿಸಿದರು.

1931ರ ಚಳಿಗಾಲದಲ್ಲಿ ಫ್ಲಾರಿಡಾದ ನ್ಯೂ ಪೋರ್ಟ್ ರಿಚಿಯಲ್ಲಿ ಅವರು ಪ್ರಯೋಗಕ್ಕೆ ತೊಡಗಿದರು. ನಿಬ್ಲಿಕ್‌ನ ತಳದ ಹಿಂಭಾಗಕ್ಕೆ ಬೆಸುಗೆಯ ಲೋಹವನ್ನು ಕರಗಿಸಿ ಹಾಕಿ ದಪ್ಪಗೊಳಿಸಿದರು. ಬಳಿಕ ಅರದಿಂದ ಉಜ್ಜಿ ಅಂಚುಗಳನ್ನು ತಿದ್ದಿದರು. ಮರಳಿನಲ್ಲಿ ಹೊಡೆದು ನೋಡುವುದು, ಮತ್ತೆ ಲೋಹ ಸೇರಿಸುವುದು ಇಲ್ಲವೇ ಉಜ್ಜಿ ತೆಗೆಯುವುದು ಪುನರಾವರ್ತನೆಯಾಯಿತು. ಲೋಹ ಕಡಿಮೆಯಾದರೆ ಕೋಲು ಹೂತುಹೋಗುತ್ತಿತ್ತು. ಹೆಚ್ಚಾದರೆ ಮರಳಿನ ಮೇಲ್ಮೈಗೆ ಬಡಿದು ಪುಟಿಯುತ್ತಿತ್ತು. ಇವೆರಡರ ನಡುವಿನ ಹದವನ್ನು ಸಾವಿರಾರು ಹೊಡೆತಗಳ ಅಭ್ಯಾಸದಿಂದ ಕಂಡುಕೊಂಡರು.

ಕೋಲಿನ ಜೊತೆಗೆ ಹೊಡೆತದ ವಿಧಾನವೂ ಬದಲಾಯಿತು. ಚೆಂಡನ್ನು ನೇರವಾಗಿ ತಾಗದೆ, ಅದರ ಹಿಂದಿನ ಮರಳಿಗೆ ಹೊಡೆದು, ಮರಳಿನ ಪದರವೇ ಚೆಂಡನ್ನು ಎತ್ತಿ ಹೊರಹಾಕುವಂತೆ ಮಾಡುವುದು ಹೊಸ ಕ್ರಮ. ದಪ್ಪ ತಳದ ಕಾರಣ ಇದನ್ನು ಪ್ರತಿ ಬಾರಿಯೂ ಭರವಸೆಯಿಂದ ಮಾಡಲು ಸಾಧ್ಯವಾಯಿತು.

1932ರ ಓಪನ್ ಮತ್ತು ಯು.ಎಸ್. ಓಪನ್

1932ರಲ್ಲಿ ಇಂಗ್ಲೆಂಡ್‌ನ ಸ್ಯಾಂಡ್‌ವಿಚ್ ಬಳಿಯ ಪ್ರಿನ್ಸಸ್ ಮೈದಾನಕ್ಕೆ ಸರಜೆನ್ ಈ ಕೋಲನ್ನು ಒಯ್ದರು. ಹಿಂದಿನ ವರ್ಷದ ನಿಷೇಧ ಅವರ ನೆನಪಿನಲ್ಲಿತ್ತು. ಪಂದ್ಯಾವಳಿಗೆ ಮೊದಲೇ ಅಧಿಕಾರಿಗಳ ಕಣ್ಣಿಗೆ ಬಿದ್ದರೆ ತಮ್ಮ ಕೋಲನ್ನೂ ತಡೆಯಬಹುದೆಂಬ ಅಂಜಿಕೆಯಿಂದ, ಅಭ್ಯಾಸದ ದಿನಗಳಲ್ಲಿ ಅದನ್ನು ಚೀಲದಲ್ಲಿ ತಲೆಕೆಳಗಾಗಿ ಇಡುತ್ತಿದ್ದರು. ಸಂಜೆ ಕೋಟಿನೊಳಗೆ ಮರೆಮಾಡಿಕೊಂಡು ಹೋಟೆಲಿಗೆ ಒಯ್ಯುತ್ತಿದ್ದರು. ಆದರೆ ಕೋಲು ನಿಯಮಗಳಿಗೆ ವಿರುದ್ಧವಾಗಿರಲಿಲ್ಲ.

ಆ ಪಂದ್ಯಾವಳಿಯಲ್ಲಿ ಅವರ ಕ್ಯಾಡಿಯಾಗಿದ್ದವರು ಡೇನಿಯಲ್ಸ್ ಎಂಬ ವೃದ್ಧರು. 1928ರ ಓಪನ್‌ನಲ್ಲಿಯೂ ಅವರೇ ಜೊತೆಗಿದ್ದರು. ಅಂದು ಅವರ ಸಲಹೆಯನ್ನು ಮೀರಿ ಆಡಿದ ಒಂದು ಹೊಡೆತ ಸರಜೆನ್ ಅವರಿಗೆ ದುಬಾರಿಯಾಗಿತ್ತು. 1932ರಲ್ಲಿ ಡೇನಿಯಲ್ಸ್ ಅವರ ದೃಷ್ಟಿ ಮಂದವಾಗಿದ್ದುದರಿಂದ ಸರಜೆನ್ ಮೊದಲು ಕಿರಿಯ ಕ್ಯಾಡಿಯೊಬ್ಬರನ್ನು ನೇಮಿಸಿಕೊಂಡರು; ಅಭ್ಯಾಸದಲ್ಲಿ ಹೊಂದಾಣಿಕೆಯಾಗದೆ ಕೊನೆಗೆ ಡೇನಿಯಲ್ಸ್ ಅವರನ್ನೇ ಕರೆಸಿದರು. ಸರಜೆನ್ ಒಟ್ಟು 283 ಹೊಡೆತಗಳಲ್ಲಿ ಆಟ ಮುಗಿಸಿ ಐದು ಹೊಡೆತಗಳ ಅಂತರದಿಂದ ಗೆದ್ದರು. ಕೆಲವೇ ತಿಂಗಳಲ್ಲಿ ಡೇನಿಯಲ್ಸ್ ನಿಧನರಾದರು.

ಅದೇ ತಿಂಗಳು ಫ್ರೆಶ್ ಮೆಡೋದಲ್ಲಿ ಯು.ಎಸ್. ಓಪನ್ ನಡೆಯಿತು. ಕೊನೆಯ 28 ಕುಳಿಗಳನ್ನು ಕೇವಲ 100 ಹೊಡೆತಗಳಲ್ಲಿ ಮುಗಿಸಿದ ಸರಜೆನ್, ಎರಡು ವರ್ಷಗಳ ಹಿಂದೆ ಸೋತಿದ್ದ ಮೈದಾನದಲ್ಲಿಯೇ ಪ್ರಶಸ್ತಿ ಗೆದ್ದರು. 1933ರಲ್ಲಿ ಮೂರನೆಯ ಬಾರಿ ಪಿಜಿಎ ಚಾಂಪಿಯನ್ ಆದರು. ಅವರೊಂದಿಗೆ ದೀರ್ಘಕಾಲದ ಒಪ್ಪಂದ ಹೊಂದಿದ್ದ ವಿಲ್ಸನ್ ಸಂಸ್ಥೆಯು ಇದೇ ಮಾದರಿಯ ವೆಡ್ಜ್ ಅನ್ನು ಆರ್-90 ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು.

1935ರ ಮಾಸ್ಟರ್ಸ್

1935ರಲ್ಲಿ ಜಾರ್ಜಿಯಾ ರಾಜ್ಯದ ಅಗಸ್ಟಾದಲ್ಲಿ ನಡೆದ ಮಾಸ್ಟರ್ಸ್‌ನ ಕೊನೆಯ ಸುತ್ತಿನಲ್ಲಿ ಸರಜೆನ್ ಅವರು ಕ್ರೇಗ್ ವುಡ್ ಅವರಿಗಿಂತ ಮೂರು ಹೊಡೆತ ಹಿಂದಿದ್ದರು. ಐದು ಹೊಡೆತಗಳಲ್ಲಿ ಮುಗಿಸಬೇಕಾದ 15ನೇ ಕುಳಿಗೆ ಸುಮಾರು 235 ಗಜ ದೂರದಿಂದ 4-ವುಡ್ ಕೋಲಿನಿಂದ ಹೊಡೆದ ಎರಡನೆಯ ಹೊಡೆತವೇ ಕುಳಿಯನ್ನು ಸೇರಿತು. ಒಂದೇ ಹೊಡೆತದಿಂದ ಮೂರು ಹೊಡೆತಗಳ ಹಿನ್ನಡೆ ಅಳಿಸಿಹೋಯಿತು. ಮರುದಿನ 36 ಕುಳಿಗಳ ನಿರ್ಣಾಯಕ ಪಂದ್ಯದಲ್ಲಿ ಅವರು ಐದು ಹೊಡೆತಗಳಿಂದ ಗೆದ್ದರು. ಈ ಗೆಲುವಿನೊಂದಿಗೆ ನಾಲ್ಕೂ ಪ್ರಮುಖ ಪ್ರಶಸ್ತಿಗಳು ಅವರದಾದವು. ಆ ಕುಳಿಯ ಬಳಿಯ ಸೇತುವೆಗೆ 1955ರಲ್ಲಿ ಅವರ ಹೆಸರಿಡಲಾಯಿತು.

ವೆಡ್ಜ್ ತಯಾರಿಕೆಯ ಮೇಲೆ ಪ್ರಭಾವ

ಸರಜೆನ್ ಅವರು ಲೋಹ ಸೇರಿಸಿ ಸಾಧಿಸಿದ ಗುಣವನ್ನು ಇಂದು ಬೌನ್ಸ್ ಎಂದು ಕರೆಯುತ್ತಾರೆ. ತಳದ ಹಿಂಭಾಗವು ಮುಂದಿನ ಅಂಚಿಗಿಂತ ಎಷ್ಟು ಕೆಳಗಿದೆ ಎಂಬುದನ್ನು ಸೂಚಿಸುವ ಈ ಕೋನವನ್ನು ಡಿಗ್ರಿಗಳಲ್ಲಿ ಅಳೆದು, ಅನೇಕ ವೆಡ್ಜ್‌ಗಳ ಮೇಲೆ ನಮೂದಿಸಲಾಗುತ್ತದೆ. ಮೆತ್ತನೆಯ ಮರಳಿಗೆ ಮತ್ತು ಕೋಲನ್ನು ಕಡಿದಾಗಿ ಇಳಿಸುವ ಆಟಗಾರರಿಗೆ ಹೆಚ್ಚಿನ ಬೌನ್ಸ್ ಅನುಕೂಲ. ಗಟ್ಟಿ ನೆಲಕ್ಕೆ ಮತ್ತು ಕೋಲನ್ನು ನೆಲಕ್ಕೆ ಸಮೀಪದಲ್ಲಿ ಸವರಿದಂತೆ ಬೀಸುವವರಿಗೆ ಕಡಿಮೆ ಬೌನ್ಸ್ ಸೂಕ್ತ.

ತಳದ ಲೋಹವನ್ನು ಬೇಕಾದ ಕಡೆಗಳಲ್ಲಿ ಉಜ್ಜಿ ತೆಗೆಯುವ ಕೆಲಸಕ್ಕೆ ಗ್ರೈಂಡ್ ಎಂಬ ಹೆಸರಿದೆ. ಕೋಲಿನ ಮುಖವನ್ನು ತೆರೆದು, ಅಂದರೆ ಆಕಾಶದ ಕಡೆಗೆ ಹೊರಳಿಸಿ, ಆಡುವಾಗ ತಳದ ಹಿಂಭಾಗ ನೆಲಕ್ಕೆ ಒತ್ತಿ ಮುಂದಿನ ಅಂಚು ಮೇಲೇಳುತ್ತದೆ. ಹಿಮ್ಮಡಿಯ ಭಾಗವನ್ನೂ ಹಿಂದಿನ ಅಂಚನ್ನೂ ಉಜ್ಜಿ ಸವೆಸಿದರೆ ಈ ತೊಂದರೆ ತಗ್ಗುತ್ತದೆ. ಇಂದು ತಯಾರಕರು ಒಂದೇ ವೆಡ್ಜ್ ಅನ್ನು ಹಲವು ತಳ ವಿನ್ಯಾಸಗಳಲ್ಲಿ ಒದಗಿಸುತ್ತಾರೆ. ಆಟಗಾರನ ಬೀಸನ್ನು ಪರಿಶೀಲಿಸಿ, ಅವನಿಗೆಂದೇ ತಳವನ್ನು ಉಜ್ಜಿಕೊಡುವ ಕುಶಲಿಗಳೂ ಇದ್ದಾರೆ. ಯಂತ್ರಗಳು ಬದಲಾಗಿದ್ದರೂ ಕ್ರಮ ಬದಲಾಗಿಲ್ಲ: ಉಜ್ಜುವುದು, ಹೊಡೆದು ನೋಡುವುದು, ಮತ್ತೆ ತಿದ್ದುವುದು. ಒಮ್ಮೆ ಉಜ್ಜಿ ತೆಗೆದ ಲೋಹವನ್ನು ಮರಳಿ ಕೂಡಿಸುವುದು ಸುಲಭವಲ್ಲವಾದ್ದರಿಂದ ಈ ಕೆಲಸದಲ್ಲಿ ಸ್ವಲ್ಪಸ್ವಲ್ಪವಾಗಿಯೇ ಮುಂದುವರಿಯಲಾಗುತ್ತದೆ.

ನಂತರದ ಜೀವನ

ಸರಜೆನ್ 1927ರಿಂದ 1937ರವರೆಗಿನ ಆರು ರೈಡರ್ ಕಪ್ ಪಂದ್ಯಾವಳಿಗಳಲ್ಲಿ ಅಮೆರಿಕ ತಂಡದಲ್ಲಿದ್ದರು. 1924ರಲ್ಲಿ ಅವರು ಮೇರಿ ಅವರನ್ನು ವಿವಾಹವಾಗಿದ್ದರು. ಮೇರಿ 1986ರಲ್ಲಿ ನಿಧನರಾದರು. ನ್ಯೂಯಾರ್ಕ್ ರಾಜ್ಯದಲ್ಲಿ ಜಮೀನು ಕೊಂಡು ಕೃಷಿಯಲ್ಲಿ ತೊಡಗಿದ್ದರಿಂದ ಸರಜೆನ್ ಅವರಿಗೆ ಸ್ಕ್ವೈರ್, ಅಂದರೆ ಜಮೀನ್ದಾರ, ಎಂಬ ಅಡ್ಡಹೆಸರು ಬಂತು. 1960ರ ದಶಕದಲ್ಲಿ ವಿವಿಧ ದೇಶಗಳ ಮೈದಾನಗಳಲ್ಲಿ ಚಿತ್ರೀಕರಿಸಲಾದ ದೂರದರ್ಶನ ಗಾಲ್ಫ್ ಸರಣಿಯೊಂದರ ನಿರೂಪಕರಾಗಿ ಹೊಸ ತಲೆಮಾರಿನ ವೀಕ್ಷಕರಿಗೆ ಪರಿಚಿತರಾದರು.

1973ರಲ್ಲಿ, ತಮ್ಮ 71ನೇ ವಯಸ್ಸಿನಲ್ಲಿ, ಅವರು ಟ್ರೂನ್‌ನಲ್ಲಿ ನಡೆದ ಓಪನ್‌ನಲ್ಲಿ ಆಡಿದರು. ಅದೇ ಮೈದಾನದಲ್ಲಿ ಅರ್ಹತೆ ಪಡೆಯಲಾಗದೆ ಹಿಂತಿರುಗಿ ಆಗ 50 ವರ್ಷಗಳಾಗಿದ್ದವು. ಅಂಚೆಚೀಟಿ ಎಂಬರ್ಥದ ಹೆಸರಿರುವ 126 ಗಜದ 8ನೇ ಕುಳಿಯ ಗ್ರೀನ್ ಅತಿ ಚಿಕ್ಕದು. ಅದರ ಸುತ್ತಲೂ ಆಳವಾದ ಬಂಕರ್‌ಗಳಿವೆ. ಮೊದಲ ದಿನ ಸರಜೆನ್ 5-ಐರನ್‌ನಿಂದ ಹೊಡೆದ ಚೆಂಡು ನೇರವಾಗಿ ಕುಳಿಯನ್ನು ಸೇರಿತು. ಮರುದಿನ ಅದೇ ಕುಳಿಯಲ್ಲಿ ಚೆಂಡು ಬಂಕರ್‌ಗೆ ಬಿದ್ದಿತು. ಅವರು ಮರಳಿನಿಂದ ಹೊಡೆದ ಚೆಂಡು ಮತ್ತೆ ಕುಳಿಯೊಳಗೇ ಇಳಿಯಿತು. ಹೀಗೆ ಆ ಕುಳಿಯನ್ನು ಎರಡು ದಿನಗಳಲ್ಲಿ ಒಟ್ಟು ಮೂರು ಹೊಡೆತಗಳಲ್ಲಿ ಮುಗಿಸಿದರು; ಪಟರ್ ಬಳಸುವ ಅಗತ್ಯವೇ ಬೀಳಲಿಲ್ಲ.

ಗೌರವಗಳು ಮತ್ತು ನಿಧನ

1974ರಲ್ಲಿ ವಿಶ್ವ ಗಾಲ್ಫ್ ಹಾಲ್ ಆಫ್ ಫೇಮ್‌ಗೆ ಸೇರ್ಪಡೆಯಾದ ಮೊದಲ ತಂಡದಲ್ಲಿ ಸರಜೆನ್ ಇದ್ದರು. 1996ರಲ್ಲಿ ಪಿಜಿಎ ಟೂರ್ ಸಂಸ್ಥೆಯ ಜೀವಮಾನ ಸಾಧನೆ ಪ್ರಶಸ್ತಿಯ ಮೊದಲ ಪುರಸ್ಕೃತರಾದರು. 1981ರಿಂದ ಮಾಸ್ಟರ್ಸ್ ಪಂದ್ಯಾವಳಿಯ ಗೌರವ ಆರಂಭಿಕ ಹೊಡೆತ ಹೊಡೆಯುತ್ತಿದ್ದ ಅವರು 1999ರ ಏಪ್ರಿಲ್‌ನಲ್ಲಿ ಕೊನೆಯ ಬಾರಿಗೆ ಆ ಕರ್ತವ್ಯ ನಿರ್ವಹಿಸಿದರು. ಮರುತಿಂಗಳು, ಮೇ 13ರಂದು, ಫ್ಲಾರಿಡಾದ ನೇಪಲ್ಸ್‌ನಲ್ಲಿ 97ನೇ ವಯಸ್ಸಿನಲ್ಲಿ ನಿಧನರಾದರು.

ಪ್ರಮುಖ ಪ್ರಶಸ್ತಿಗಳು

ಯು.ಎಸ್. ಓಪನ್: 1922, 1932
ಪಿಜಿಎ ಚಾಂಪಿಯನ್‌ಶಿಪ್: 1922, 1923, 1933
ಓಪನ್ ಚಾಂಪಿಯನ್‌ಶಿಪ್: 1932
ಮಾಸ್ಟರ್ಸ್: 1935