ಗ್ರಂಥಗಳ ಹೊರೆ ಹೊತ್ತ ಹ್ಯೂಯೆನ್‌ತ್ಸಾಂಗ್

ಚಾಲುಕ್ಯ ಚಕ್ರವರ್ತಿ ಇಮ್ಮಡಿ ಪುಲಕೇಶಿಯ ಪರಾಕ್ರಮವನ್ನು ಬಣ್ಣಿಸಿದ ಚೀನೀ ಯಾತ್ರಿಕನೆಂದು ಹ್ಯೂಯೆನ್‌ತ್ಸಾಂಗನ ಹೆಸರು ಕನ್ನಡಿಗರಿಗೆ ಪರಿಚಿತವಾದುದೇ. ಆದರೆ ಆತನು ಭರತಖಂಡಕ್ಕೆ ಬಂದುದು ಅರಸರನ್ನು ಕಾಣಲಿಕ್ಕಲ್ಲ, ಪುಸ್ತಕಗಳಿಗಾಗಿ. ಚೀನಾದಲ್ಲಿದ್ದ ಬೌದ್ಧಗ್ರಂಥಗಳ ಅನುವಾದಗಳು ಒಂದಕ್ಕೊಂದು ಹೊಂದುತ್ತಿರಲಿಲ್ಲ, ಗುರುಗಳಲ್ಲಿಯೇ ಭಿನ್ನಾಭಿಪ್ರಾಯವಿತ್ತು. ಮೂಲವನ್ನೇ ಕಂಡು ಸಂಶಯ ನೀಗಿಕೊಳ್ಳಬೇಕೆಂದು ಆ ತರುಣ ಭಿಕ್ಷುವು ನಿಶ್ಚಯಿಸಿದನು.

ಗಡಿ ದಾಟಲು ಅರಸನ ಅಪ್ಪಣೆಯಿರಲಿಲ್ಲ. ಕ್ರಿ. ಶ. 629ರ ಸುಮಾರಿಗೆ ಗುಟ್ಟಾಗಿ ಹೊರಟನು. ಮರುಭೂಮಿಯಲ್ಲಿ ನೀರಿನ ಚೀಲ ಕೈಜಾರಿ ಬರಿದಾಗಿ, ನಾಲ್ಕು ರಾತ್ರಿ ಐದು ಹಗಲು ಹನಿ ನೀರಿಲ್ಲದೆ ಕಳೆದನು. ತುರ್ಫಾನಿನ ಅರಸನು ಭಕ್ತಿಯ ಭರದಲ್ಲಿ ಬಿಡಲೊಲ್ಲದಿರಲು, ಅನ್ನನೀರು ತೊರೆದು ಕುಳಿತು ಬಿಡುಗಡೆ ಪಡೆದನು. ನಾಲಂದೆಯಲ್ಲಿ ವೃದ್ಧ ಶೀಲಭದ್ರಾಚಾರ್ಯರ ಬಳಿ ವ್ಯಾಸಂಗಮಾಡಿ, ದಕ್ಷಿಣದ ಕಂಚಿಯವರೆಗೂ ಸಂಚರಿಸಿ, ಗ್ರಂಥಗಳನ್ನು ಸಂಗ್ರಹಿಸಿದನು.

ಹಿಂದಿರುಗುವಾಗ ಆತನು ಆನೆಯ ಮೇಲೆ ಸಿಂಧೂನದಿಯನ್ನು ದಾಟಿದನು, ಗ್ರಂಥಗಳು ದೋಣಿಯಲ್ಲಿದ್ದವು. ನಡುಹೊಳೆಯಲ್ಲಿ ಗಾಳಿಯೆದ್ದು ದೋಣಿ ಹೊಯ್ದಾಡಿ, ಕಾವಲಿನವನು ನೀರಿಗೆ ಬಿದ್ದನು. ಅವನನ್ನೇನೋ ಉಳಿಸಿದರು, 50 ಗ್ರಂಥಗಳು ಹೊಳೆಯ ಪಾಲಾದವು. ಹ್ಯೂಯೆನ್‌ತ್ಸಾಂಗನು ಮುಂದೆ ಸಾಗಲಿಲ್ಲ. 50 ದಿನಗಳಿಗೂ ಮಿಕ್ಕಿ ಅಲ್ಲಿಯೇ ನಿಂತು, ಉದ್ಯಾನದೇಶಕ್ಕೆ ಜನರನ್ನು ಕಳುಹಿಸಿ, ಕೆಲವನ್ನು ಪ್ರತಿಮಾಡಿಸಿ ತರಿಸಿದನು. ದಕ್ಕದವುಗಳನ್ನೂ ಮರೆಯಲಿಲ್ಲ. 654ರಲ್ಲಿ ಭಾರತದ ಭಿಕ್ಷು ಜ್ಞಾನಪ್ರಭನಿಗೆ ಬರೆದ ಕಾಗದದೊಡನೆ, ಹೊಳೆಯಲ್ಲಿ ಹೋದ ಗ್ರಂಥಗಳ ಪಟ್ಟಿಯನ್ನಿಟ್ಟು, ಕಳುಹಿಸಿಕೊಡಬೇಕೆಂದು ಕೋರಿದನು. ಊರು ಸೇರಿ ಒಂಬತ್ತು ವರ್ಷ ಕಳೆದರೂ ಲೆಕ್ಕ ತಪ್ಪಿರಲಿಲ್ಲ!

645ರಲ್ಲಿ ರಾಜಧಾನಿ ಚಾಂಗಾನನ್ನು ಸೇರಿದಾಗ 20 ಕುದುರೆಗಳ ಮೇಲೆ 657 ಗ್ರಂಥಗಳಿದ್ದವು. ಚಕ್ರವರ್ತಿಯು ಅಧಿಕಾರ ಕೊಡಬಂದರೂ ಒಲ್ಲೆನೆಂದು ಅನುವಾದಕ್ಕೆ ಕುಳಿತನು. 660ರಲ್ಲಿ ಎರಡು ಲಕ್ಷ ಶ್ಲೋಕಪ್ರಮಾಣದ ಮಹಾಪ್ರಜ್ಞಾಪಾರಮಿತೆಯನ್ನು ಕೈಗೆತ್ತಿಕೊಂಡಾಗ, ಅದರಲ್ಲಿ ಪುನರುಕ್ತಿಗಳು ಹೇರಳವಾಗಿರಲು, ಸಂಕ್ಷೇಪಿಸಬೇಕೆಂದು ಶಿಷ್ಯರು ಬೇಡಿದರು. ಆತನು ಒಪ್ಪುವುದರಲ್ಲಿದ್ದನು. ಆ ರಾತ್ರಿ ದುಃಸ್ವಪ್ನಗಳನ್ನು ಕಂಡು, ಏನನ್ನೂ ಬಿಡಕೂಡದೆಂದು ಸಂಕಲ್ಪಿಸಿದನೆಂದು ಶಿಷ್ಯರು ಬರೆದ ಚರಿತ್ರೆಯೇ ಹೇಳುತ್ತದೆ. 663ರಲ್ಲಿ 600 ಸುರುಳಿಗಳಲ್ಲಿ ಕಾರ್ಯ ಮುಗಿಯಿತು. ಮೈಯಲ್ಲಿ ಕಸುವು ಉಳಿದಿರಲಿಲ್ಲ; ಮರುವರ್ಷವೇ ತೀರಿಕೊಂಡನು.

ನಾಲಂದೆಯು 1200ರ ಸುಮಾರಿಗೆ ಧಾಳಿಗೆ ತುತ್ತಾಯಿತು. ಆತನು ಅನುವಾದಿಸಿದ ಮಹಾವಿಭಾಷೆಯ ಸಂಸ್ಕೃತಮೂಲವು ಇಂದು ಪೂರ್ಣವಾಗಿ ದೊರೆಯುವುದಿಲ್ಲ. ಅದನ್ನು ಓದಬಯಸುವ ಭಾರತೀಯ ಪಂಡಿತನು ಆತನ ಚೀನೀ ಸುರುಳಿಗಳನ್ನೇ ಬಿಡಿಸಬೇಕಾಗಿದೆ.