ಶಿಶುನಾಳದ ಶರೀಫ ಸಾಹೇಬರು

ಭಾರತ ಸರ್ಕಾರವು ವರ್ಷಂಪ್ರತಿ ಉತ್ತಮ ಚಲನಚಿತ್ರಗಳಿಗೆ ಕೊಡುತ್ತ ಬಂದಿರುವ ಪ್ರಶಸ್ತಿಗಳಲ್ಲಿ, ದೇಶದ ಜನರನ್ನು ಒಂದುಗೂಡಿಸುವ ಚಿತ್ರಕ್ಕೆಂದೇ ಮೀಸಲಾದುದೊಂದು ಬಹುಕಾಲ ನಡೆದು ಬಂದಿತು. ೧೯೬೫ನೆಯ ವರ್ಷದ ಚಿತ್ರಗಳಿಂದ ಮೊದಲಾದ ಈ ಪ್ರಶಸ್ತಿಗೆ ಮುಂದೆ ನಟಿ ನರ್ಗಿಸ್ ದತ್ತರ ಹೆಸರನ್ನಿಟ್ಟರು. ೧೯೯೦ನೆಯ ವರ್ಷದ ಚಿತ್ರಗಳಲ್ಲಿ ಈ ಗೌರವವು ಕನ್ನಡದ ಸಂತ ಶಿಶುನಾಳ ಶರೀಫ ಎಂಬ ಚಿತ್ರಕ್ಕೆ ಸಂದಿತು. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಆ ಚಿತ್ರವನ್ನು ನೋಡಿರಬಹುದು. ಶರೀಫರ ಪದಗಳನ್ನು ಹಾಡಿಯೂ ಇರಬಹುದು. ಆದರೆ ಪದಗಳನ್ನು ಬಲ್ಲವರೆಲ್ಲರೂ ಅವುಗಳನ್ನು ಕಟ್ಟಿದವರ ಬಾಳನ್ನು ಬಲ್ಲವರಲ್ಲ. ಒಬ್ಬ ಗುರುವು ಒಬ್ಬ ಶಿಷ್ಯನನ್ನು ಕೈಬಿಡದೆ ಹಿಡಿದುದರ ಕಥೆಯೇ ಆ ಬಾಳು. ವಿದ್ಯಾಶಾಲೆಯ ಸಂಚಿಕೆಯಲ್ಲಿ ಅದಕ್ಕೆ ಸ್ಥಳವುಂಟೆಂದು ನಂಬಿ ನಾವು ಈ ಚರಿತ್ರೆಯನ್ನು ಸಂಗ್ರಹವಾಗಿ ಬರೆಯುತ್ತೇವೆ.

ಈಗ ಹಾವೇರಿ ಜಿಲ್ಲೆಗೆ ಸೇರಿರುವ ಶಿಗ್ಗಾಂವಿ ತಾಲ್ಲೂಕಿನ ಶಿಶುನಾಳ ಗ್ರಾಮದಲ್ಲಿ ೧೮೧೯ರಲ್ಲಿ ಶರೀಫರು ಜನಿಸಿದರು. ಪೇಶ್ವೆಯರ ಆಳಿಕೆ ಮುಗಿದು ಆ ಸೀಮೆಯು ಇಂಗ್ಲಿಷರ ಕೈಗೆ ಬಂದು ಆಗ ಒಂದು ವರ್ಷವಷ್ಟೇ ಕಳೆದಿತ್ತು. ತಂದೆ ಇಮಾಂ ಸಾಹೇಬರು, ತಾಯಿ ಹಜ್ಜೂಮಾ. ಬಹುಕಾಲ ಮಕ್ಕಳಿಲ್ಲದೆ ಕೊರಗುತ್ತಿದ್ದ ಈ ದಂಪತಿಗಳು ಸಮೀಪದ ಹುಲಗೂರಿನ ಖಾದರ್ ಶಾವಲಿ ಎಂಬ ಸೂಫಿ ಸಂತರ ದರ್ಗೆಗೆ ಹರಕೆ ಹೊತ್ತರೆಂದೂ, ಆ ಹರಕೆಯ ಫಲವಾಗಿ ಗಂಡುಮಗು ಹುಟ್ಟಿತೆಂದೂ ಆ ಭಾಗದ ಜನರು ಹೇಳುತ್ತಾರೆ. ಇಮಾಂ ಸಾಹೇಬರು ಭಕ್ತಿವಂತರಾದ ಮುಸಲ್ಮಾನರು. ಹಾಗಿದ್ದೂ ಊರಿನ ಶರಣರ ಸಹವಾಸವನ್ನು ಬಯಸುತ್ತಿದ್ದವರು. ಮನೆಯಲ್ಲಿ ಕುರಾನಿನ ಪಾಠವಾಗುತ್ತಿತ್ತು. ಊರಿನಲ್ಲಿ ರಾಮಾಯಣ ಮಹಾಭಾರತಗಳ ಶ್ರವಣವೂ, ಅಲ್ಲಮಪ್ರಭುವೇ ಮೊದಲಾದ ಶರಣರ ತತ್ತ್ವವಿಚಾರವೂ ನಡೆಯುತ್ತಿದ್ದವು. ಬಾಲಕನ ಕಿವಿಗೆ ಇವೆಲ್ಲವೂ ಒಂದೇ ಕಾಲದಲ್ಲಿ ಬಿದ್ದವು.

ಶರೀಫರು ಕನ್ನಡ ಶಾಲೆಯಲ್ಲಿ ಓದಿ ಮುಲ್ಕಿ ಪರೀಕ್ಷೆಯಲ್ಲಿ ತೇರ್ಗಡೆಯಾದರು. ಆ ಕಾಲದ ಹಳ್ಳಿಗಳಲ್ಲಿ ಮುಲ್ಕಿ ಮಾಡಿದವನಿಗೆ ದೊಡ್ಡ ಗೌರವವಿತ್ತು. ಅವರು ಕೆಲವು ಕಾಲ ನೆರೆಯ ಹಳ್ಳಿಗಳಲ್ಲಿ ಶಾಲಾ ಮಾಸ್ತರರಾಗಿ ದುಡಿದರು. ಆ ಕೆಲಸದಲ್ಲಿಯೇ ಉಳಿದಿದ್ದರೆ ಅವರ ಜೀವಿತವು ನೆಮ್ಮದಿಯಿಂದ ಸಾಗುತ್ತಿದ್ದಿತು. ಆದರೆ ಅಕ್ಷರವಿದ್ಯೆಯಿಂದ ತಣಿಯದ ಹಸಿವೊಂದು ಅವರಲ್ಲಿತ್ತು. ಅವರು ಕೆಲಸವನ್ನು ಬಿಟ್ಟು ಗುರುವನ್ನು ಹುಡುಕಿಕೊಂಡು ಹೊರಟರು.

ಇಂದಿನ ಧಾರವಾಡ ಜಿಲ್ಲೆಯ ಕುಂದಗೋಳ ತಾಲ್ಲೂಕಿನ ಕಳಸ ಗ್ರಾಮದಲ್ಲಿ ಆಗ ಗೋವಿಂದಭಟ್ಟರೆಂಬ ಬ್ರಾಹ್ಮಣರಿದ್ದರು. ದೇವಿಯ ಉಪಾಸಕರು, ಶಾಸ್ತ್ರವನ್ನು ಓದಿಕೊಂಡವರು. ಆದರೆ ಮಡಿ ಮೈಲಿಗೆಗಳ ಕಟ್ಟನ್ನು ಲೆಕ್ಕಿಸದೆ ಎಲ್ಲರೊಡನೆಯೂ ಬೆರೆತು ನಡೆಯುವವರು. ಇದರಿಂದಾಗಿ ಸ್ವಜನರೇ ಅವರನ್ನು ವಿಚಿತ್ರ ಮನುಷ್ಯನೆಂದು ಎಣಿಸುತ್ತಿದ್ದರು. ಶರೀಫರು ಅವರ ಬಳಿಗೆ ಬಂದ ದಿನದ ವೃತ್ತಾಂತವನ್ನು ಜನರು ಇಂದಿಗೂ ಹೇಳುತ್ತಾರೆ. ನಿನ್ನ ತಂದೆ ಯಾರೆಂದು ಭಟ್ಟರು ಕೇಳಿದರಂತೆ. ತಮ್ಮ ತಂದೆ ಯಾರೋ ತನ್ನ ತಂದೆಯೂ ಅವನೇ ಎಂದು ಶರೀಫರು ಉತ್ತರಕೊಟ್ಟರಂತೆ. ಸುತ್ತ ಕುಳಿತವರು ಈ ಮಾತನ್ನು ಉದ್ಧಟತನವೆಂದು ತಿಳಿದು ಬೆಚ್ಚಿದರು. ಭಟ್ಟರಾದರೋ ಸಂತೋಷಪಟ್ಟು, ನೆಲ ಹದವಾಗಿದೆ, ಬಿತ್ತಿದರೆ ಬೆಳೆಯು ಚೆನ್ನಾಗಿ ಬಂದೀತು ಎಂದು ಬೆನ್ನು ತಟ್ಟಿ ಶಿಷ್ಯನನ್ನಾಗಿ ಸ್ವೀಕರಿಸಿದರು.

ಅಂದಿನಿಂದ ಗುರುಶಿಷ್ಯರು ತಂದೆಮಕ್ಕಳಂತೆ ಬಾಳಿದರು. ಅವರು ಜೊತೆಯಲ್ಲಿ ಊರೂರು ತಿರುಗಿದರು, ಜೊತೆಯಲ್ಲಿಯೇ ಉಂಡರು. ಇದನ್ನು ಎರಡು ಕಡೆಯವರೂ ಸಹಿಸಲಿಲ್ಲ. ಮುಸಲ್ಮಾನನನ್ನು ಮನೆಯೊಳಗೆ ಸೇರಿಸಿಕೊಂಡು ಭಟ್ಟರು ಆಚಾರಗೆಟ್ಟರೆಂದು ಬ್ರಾಹ್ಮಣರು ನಿಂದಿಸಿದರು. ಕಾಫಿರನ ಕಾಲಿಗೆ ಬಿದ್ದು ಶರೀಫನು ದೀನನ್ನು ತೊರೆದನೆಂದು ಮುಸಲ್ಮಾನರು ದೂರಿದರು. ನಿಂದೆಯು ಹೆಚ್ಚಿದಾಗ ಗೋವಿಂದಭಟ್ಟರು ಹಿಂದೆಗೆಯಲಿಲ್ಲ. ಜನಿವಾರವನ್ನೇ ತೆಗೆದು ಶಿಷ್ಯನ ಕೊರಳಿಗೆ ಹಾಕಿದರು. ಇದು ಕೇವಲ ದಂತಕಥೆಯೆಂದು ತಳ್ಳಿಹಾಕುವಂತಿಲ್ಲ. ಗುರುವು ತನಗೆ ಜನಿವಾರವನ್ನು ಹಾಕಿದ ಸಂಗತಿಯನ್ನು ಶರೀಫರು ತಮ್ಮ ಪದವೊಂದರಲ್ಲಿ ತಾವೇ ಹಾಡಿಕೊಂಡಿದ್ದಾರೆ.

ಇಲ್ಲಿ ವಾಚಕರು ಒಂದು ವಿಷಯವನ್ನು ಲಕ್ಷ್ಯದಲ್ಲಿಡಬೇಕು. ಶರೀಫರು ಒಂದು ಮನೆಯನ್ನು ಬಿಟ್ಟು ಇನ್ನೊಂದು ಮನೆಯನ್ನು ಸೇರಿದವರಲ್ಲ. ಕೊರಳಿಗೆ ಜನಿವಾರ ಬಂದ ಬಳಿಕವೂ ಅವರು ಶರೀಫ ಸಾಹೇಬರಾಗಿಯೇ ಉಳಿದರು. ಮೊಹರಮ್ ಬಂದರೆ ಅಲಾವಿಯ ಮುಂದೆ ಹೆಜ್ಜೆ ಹಾಕುವ ಮೇಳಗಳಿಗೆ ಕರ್ಬಲದ ಕಥೆಯ ರಿವಾಯತ ಪದಗಳನ್ನು ಕಟ್ಟಿಕೊಟ್ಟರು. ಅದೇ ಬಾಯಿಂದ ದೇವಿಯನ್ನೂ ಬಸವಣ್ಣನನ್ನೂ ಹಾಡಿದರು. ಅವರು ತಮ್ಮವರೇ ಎಂದು ಸಾಧಿಸಲು ಹೊರಟವರಿಗೆ ಎರಡು ಪಕ್ಷದಲ್ಲಿಯೂ ಸಾಕಷ್ಟು ಪದಗಳು ದೊರೆಯುತ್ತವೆ. ಆದರೆ ಪದಗಳನ್ನೆಲ್ಲ ಒಟ್ಟಿಗೆ ಓದಿದವರು ಆ ವಾದವನ್ನು ಕೈಬಿಡಬೇಕಾಗುತ್ತದೆ.

ಹಿರಿಯರ ಇಚ್ಛೆಯಂತೆ ಶರೀಫರು ಕುಂದಗೋಳದ ಫಾತಿಮಾ ಎಂಬ ಕನ್ಯೆಯನ್ನು ವಿವಾಹವಾದರು. ಒಂದು ಹೆಣ್ಣುಮಗುವೂ ಆಯಿತು. ಆದರೆ ಆ ಸಂಸಾರವು ನಿಲ್ಲಲಿಲ್ಲ. ತಾಯಿ ಮಗಳಿಬ್ಬರೂ ಶರೀಫರ ಕಣ್ಣೆದುರಿನಲ್ಲಿಯೇ ಅಗಲಿದರು. ಸಾಲದ ಬಾಧೆಯೂ ಬಡತನವೂ ಅವರನ್ನು ಕಾಡಿದವು. ಕಾಲಕ್ರಮದಲ್ಲಿ ಗುರುಗಳೂ ದೇಹವನ್ನು ಬಿಟ್ಟರು. ಇಷ್ಟು ನೋವನ್ನುಂಡ ಮನುಷ್ಯನು ಜನರಿಂದ ದೂರ ಸರಿದಿದ್ದರೆ ಆಶ್ಚರ್ಯವೇನೂ ಇರಲಿಲ್ಲ. ಶರೀಫರು ಹಾಗೆ ಮಾಡದೆ ಜನರ ನಡುವೆಯೇ ತಿರುಗಾಡಿದರು. ಮಠಗಳಿಗೆ ಹೋದರು, ದರ್ಗೆಗಳಿಗೆ ಹೋದರು, ಸವದತ್ತಿಯ ಎಲ್ಲಮ್ಮನ ಗುಡ್ಡವನ್ನು ಹತ್ತಿದರು. ನವಲಗುಂದದ ನಾಗಲಿಂಗಸ್ವಾಮಿಗಳು, ಗರಗದ ಮಡಿವಾಳಪ್ಪನವರು, ಹುಬ್ಬಳ್ಳಿಯ ಸಿದ್ಧಾರೂಢರು ಮುಂತಾದ ಸಮಕಾಲೀನ ಸಾಧುಗಳೊಡನೆ ಅವರಿಗೆ ಸ್ನೇಹವಿತ್ತು. ಈ ಸಾಧುಗಳ ಕೂಟದಲ್ಲಿ ಯಾರೂ ಅವರ ಜಾತಿಯನ್ನು ಕೇಳಲಿಲ್ಲ. ಶರೀಫರ ಹೆಸರಿನಲ್ಲಿ ಪವಾಡದ ಕಥೆಗಳೂ ಹೇರಳವಾಗಿವೆ. ಅವುಗಳನ್ನು ನಾವು ಇಲ್ಲಿ ವಿಸ್ತರಿಸಲು ಹೋಗುವುದಿಲ್ಲ.

ಅವರ ಪದಗಳ ವಿಚಾರವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ತತ್ತ್ವಪದವೆಂದರೆ ಪಂಡಿತರ ಗ್ರಂಥವಲ್ಲ. ಏಕತಾರಿಯನ್ನೋ ತಂಬೂರಿಯನ್ನೋ ಹಿಡಿದು ರಾತ್ರಿಯ ಭಜನೆಯಲ್ಲಿ ಹಾಡುವ ಹಾಡು. ಶರೀಫರು ಧಾರವಾಡ ಸೀಮೆಯ ಆಡುಮಾತಿನಲ್ಲಿಯೇ ಇವನ್ನು ಕಟ್ಟಿದರು. ಕಣ್ಣಿಗೆ ಬಿದ್ದ ಸಾಮಾನ್ಯ ವಸ್ತುವೇ ಅವರಿಗೆ ಉಪದೇಶಕ್ಕೆ ಸಾಕಾಗುತ್ತಿತ್ತು. ಮಳೆಗಾಲದಲ್ಲಿ ಸೋರುವ ಮಣ್ಣಿನ ಮಾಳಿಗೆಯು ಅಜ್ಞಾನದಿಂದ ಶಿಥಿಲವಾಗುವ ದೇಹವಾಯಿತು. ಸಂತೆಗೆ ಹೊರಟ ಮುದುಕಿಗೆ ಕಾಲು ಜಾರೀತೆಂದು ಹೇಳುವ ಎಚ್ಚರಿಕೆಯು ಪ್ರಪಂಚದ ಮೋಹದಲ್ಲಿ ನಡೆಯುವ ನಮ್ಮೆಲ್ಲರಿಗೂ ಹೇಳಿದ ಎಚ್ಚರಿಕೆಯಾಯಿತು. ಶ್ರುತಿಯನ್ನರಿಯದವನ ಕೈಯಲ್ಲಿ ತಂಬೂರಿ ಸಿಕ್ಕಿದಾಗ ಆಗುವ ಅಭಾಸವು ಸಾಧನೆಯಿಲ್ಲದ ಗುರುತನದ ಪರಿಹಾಸ್ಯವಾಯಿತು. ಹೊಸದಾಗಿ ಬಂದ ನೂಲಿನ ಗಿರಣಿಯ ಚಕ್ರಗಳನ್ನು ಕಂಡು ಅವರು ಬೆರಗಾದರು. ಆ ಯಂತ್ರವನ್ನೂ ಮನುಷ್ಯಶರೀರಕ್ಕೆ ಹೋಲಿಸಿ ಹಾಡಿದರು. ಸಣ್ಣ ಪ್ರಾಣಿಯು ದೊಡ್ಡ ಪ್ರಾಣಿಯನ್ನು ನುಂಗುವ ಒಗಟಿನಂಥ ಹಾಡಿಗೆ ಮಕ್ಕಳು ಚಪ್ಪಾಳೆ ತಟ್ಟಿ ನಗುತ್ತಾರೆ. ಆ ಒಗಟಿನ ಕೊನೆಯಲ್ಲಿ ಬರುವುದು ಗುರುಗಳ ಹೆಸರು, ಅಲ್ಲಿ ಕರಗುವುದು ಶಿಷ್ಯನ ಅಹಂಕಾರ. ಶಿಶುನಾಳಧೀಶ ಎಂಬ ಅಂಕಿತದಲ್ಲಿ ಅವರು ಊರ ದೇವರನ್ನು ನೆನೆದಂತೆಯೇ ಗುರು ಗೋವಿಂದರನ್ನು ಪದಪದದಲ್ಲಿಯೂ ನೆನೆದರು. ಮನೆಯೊಳಗಿನ ಸ್ತ್ರೀಯರಿಗೆ ಈ ಹಾಡುಗಳು ಬಲುಬೇಗ ಹಿಡಿಸಿದುದಕ್ಕೆ ಕಾರಣವಿದೆ. ಮನೆಯ ಸೂರೂ ಸಂತೆಯ ದಾರಿಯೂ ಅವರು ನಿತ್ಯವೂ ಕಾಣುವಂಥವೇ ಆಗಿದ್ದವು. ಅರ್ಥವನ್ನು ತಿಳಿಯಲು ಶಾಸ್ತ್ರಿಗಳ ಬಳಿಗೆ ಹೋಗಬೇಕಾಗಿರಲಿಲ್ಲ.

೧೮೮೯ರಲ್ಲಿ, ತಮ್ಮ ಎಪ್ಪತ್ತನೆಯ ವಯಸ್ಸಿನಲ್ಲಿ, ಶರೀಫರು ಶಿಶುನಾಳದಲ್ಲಿಯೇ ದೇಹತ್ಯಾಗಮಾಡಿದರು. ಬದುಕಿದ್ದಾಗ ಅವರನ್ನು ದೂರಿದ ಎರಡು ಸಮಾಜಗಳವರೂ ಅಂದು ಅವರ ಬಳಿ ಸೇರಿದರು. ಒಂದು ಕಡೆ ಕುರಾನಿನ ಪಠಣ, ಇನ್ನೊಂದು ಕಡೆ ಮಂತ್ರಘೋಷ, ಹೀಗೆ ಉಭಯ ಪದ್ಧತಿಯಿಂದಲೂ ಅಂತ್ಯಕ್ರಿಯೆಗಳು ನಡೆದುವೆಂದು ಪ್ರತೀತಿಯಿದೆ. ಅವರ ಗದ್ದುಗೆಯ ಮುಂದೆ ಇಂದಿಗೂ ಹಿಂದೂಗಳೂ ಮುಸಲ್ಮಾನರೂ ಕಾಯಿ ಒಡೆಸಿ, ಸಕ್ಕರೆ ಓದಿಸಿ, ಕೈಮುಗಿದು ಹೋಗುತ್ತಾರೆ. ವರ್ಷಕ್ಕೊಮ್ಮೆ ಜಾತ್ರೆಯೂ ನಡೆಯುತ್ತದೆ.

ಶರೀಫರ ಪದಗಳು ಶಿಷ್ಯರ ಮತ್ತು ಭಜನೆಯ ಮೇಳಗಳ ಬಾಯಲ್ಲಿ ಉಳಿದು ಬಂದವು. ಇಪ್ಪತ್ತನೆಯ ಶತಮಾನದಲ್ಲಿ ಸಂಗ್ರಹಕಾರರು ಅವುಗಳನ್ನು ಬರೆದುಕೊಂಡು ಅಚ್ಚು ಹಾಕಿಸಿದರು. ಅವುಗಳನ್ನು ಉತ್ತರದ ಹಳ್ಳಿಗಳಿಂದ ಬೆಂಗಳೂರಿನ ಮನೆಮನೆಗೂ ತಂದವರಲ್ಲಿ ಗಾಯಕ ಸಿ. ಅಶ್ವಥ್ ಅವರು ಮುಖ್ಯರು. ಜಯನಗರಕ್ಕೆ ಅನತಿದೂರದ ನರಸಿಂಹರಾಜ ಕಾಲೋನಿಯಲ್ಲಿ ೨೦೦೯ರಲ್ಲಿ ತೀರಿಕೊಂಡ ಆ ಗಾಯಕರ ಹೆಸರಿನ ಕಲಾಭವನವೊಂದಿದೆ. ಟಿ. ಎಸ್. ನಾಗಾಭರಣರು ಶರೀಫರ ಚರಿತ್ರೆಯನ್ನು ಚಿತ್ರವಾಗಿ ನಿರ್ದೇಶಿಸಿದಾಗ ಸಂಗೀತವನ್ನು ಒದಗಿಸಿದವರೂ ಅಶ್ವಥ್ ಅವರೇ. ಶರೀಫರ ಪಾತ್ರವನ್ನು ನೃತ್ಯ ಕಲಾವಿದ ಶ್ರೀಧರರು ವಹಿಸಿದರು. ಬಹುಕಾಲ ಜೆ. ಪಿ. ನಗರದಲ್ಲಿ ನೆಲೆಸಿದ್ದ ನಾಟಕಕಾರ ಗಿರೀಶ ಕಾರ್ನಾಡರು ಗೋವಿಂದಭಟ್ಟರಾಗಿ ಅಭಿನಯಿಸಿದರು. ಹೀಗೆ ಶಿಶುನಾಳದ ಚರಿತ್ರೆಗೂ ನಮ್ಮ ದಕ್ಷಿಣ ಬೆಂಗಳೂರಿಗೂ ಒಂದು ನಂಟು ಬೆಳೆಯಿತು. ಜಯನಗರ, ಬನಶಂಕರಿಗಳ ಸಂಗೀತದ ತರಗತಿಗಳಲ್ಲಿ ಹೆಣ್ಣುಮಕ್ಕಳು ಇಂದು ಆ ಪದಗಳನ್ನು ಕಲಿಯುತ್ತಾರೆ.

ಈ ಚಿತ್ರವು ಪಡೆದ ಪ್ರಶಸ್ತಿಯ ವಿಷಯವಾಗಿ ಎರಡು ಮಾತು. ನರ್ಗಿಸರು ೧೯೨೯ರಲ್ಲಿ ಮುಸಲ್ಮಾನ ಮನೆಯಲ್ಲಿ ಹುಟ್ಟಿ, ೧೯೫೮ರಲ್ಲಿ ಹಿಂದೂ ಮನೆಗೆ ಸೊಸೆಯಾಗಿ ಹೋಗಿ, ೧೯೮೦ರಲ್ಲಿ ರಾಜ್ಯಸಭೆಗೆ ನಾಮಕರಣಗೊಂಡು, ೧೯೮೧ರಲ್ಲಿ ತೀರಿಕೊಂಡ ನಟಿ. ಐಕ್ಯಕ್ಕೆ ಮೀಸಲಾದ ಪ್ರಶಸ್ತಿಗೆ ಅವರ ಹೆಸರು ಒಪ್ಪುವಂತಿತ್ತು. ಕನ್ನಡಕ್ಕೆ ಸಂಬಂಧಿಸಿದಂತೆ ಇನ್ನೊಂದು ವಿಶೇಷವುಂಟು. ನಾಗಾಭರಣರ ಮೂರು ಚಿತ್ರಗಳು ರಾಷ್ಟ್ರೀಯ ಐಕ್ಯದ ಪ್ರಶಸ್ತಿಯನ್ನು ಪಡೆದಿವೆ: ೧೯೭೮ರ ಗ್ರಹಣ, ೧೯೯೦ರ ಸಂತ ಶಿಶುನಾಳ ಶರೀಫ, ೨೦೦೬ರ ಕಲ್ಲರಳಿ ಹೂವಾಗಿ. ಮೊದಲನೆಯದು ಜಾತಿಯ ಕಟ್ಟುಪಾಡನ್ನೂ, ಕೊನೆಯದು ಚಿತ್ರದುರ್ಗದ ಪಾಳೆಯಗಾರರ ಕಾಲದಲ್ಲಿ ಬೇರೆ ಬೇರೆ ಮತದ ಇಬ್ಬರಲ್ಲಿ ಹುಟ್ಟಿದ ಪ್ರೇಮವನ್ನೂ ಕುರಿತವು. ೨೦೨೪ರಲ್ಲಿ ಪ್ರಶಸ್ತಿಗಳ ಕ್ರಮವನ್ನು ಮಾರ್ಪಡಿಸಿದಾಗ ಐಕ್ಯ, ಸಮಾಜಹಿತ, ಪರಿಸರ ಇವುಗಳನ್ನೆಲ್ಲ ಒಂದೇ ವಿಭಾಗದಲ್ಲಿ ಕೂಡಿಸಿದರು. ನರ್ಗಿಸರ ಹೆಸರೂ ಅದರಿಂದ ಹೋಯಿತು.

ಪ್ರಶಸ್ತಿಯ ಹೆಸರು ಬದಲಾಗಬಹುದು, ಚಿತ್ರಗಳೂ ಹಳೆಯವಾಗಬಹುದು. ಅವು ಯಾವ ಕೃತ್ಯವನ್ನು ಗೌರವಿಸಿದವೋ ಆ ಕೃತ್ಯವು ನಡೆದುದು ದೆಹಲಿಯ ಸಭಾಮಂಟಪದಲ್ಲಿ ಅಲ್ಲ, ಕಳಸದಂಥ ಸಣ್ಣ ಊರಿನಲ್ಲಿ. ಅಂದು ಗೋವಿಂದಭಟ್ಟರು ನೆರೆಯವರ ಮಾತಿಗೆ ಅಂಜಿ ಇಮಾಂ ಸಾಹೇಬರ ಮಗನನ್ನು ಹಿಂದಕ್ಕೆ ಕಳುಹಿಸಿದ್ದರೆ, ಹಾಡಲು ಈ ಪದಗಳಿರುತ್ತಿರಲಿಲ್ಲ, ತೆಗೆಯಲು ಚಿತ್ರವೂ ಇರುತ್ತಿರಲಿಲ್ಲ. ತಂದೆಯಾದ ಇಮಾಂ ಸಾಹೇಬರ ಪಾಲೂ ಇದರಲ್ಲಿ ಕಡಿಮೆಯಲ್ಲ. ಮಗನ ಕಿವಿಗೆ ಕುರಾನಿನೊಡನೆ ಶರಣರ ಮಾತೂ ಬೀಳಲಿ ಎಂದು ಮನೆಯ ಬಾಗಿಲನ್ನು ಅವರು ತೆರೆದಿಟ್ಟಿದ್ದರು.

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಇಂದು ತಾಯಂದಿರು, ಕೆಲವರು ಉಪಾಧ್ಯಾಯಿನಿಯರು. ನೆರೆಯ ಮನೆಯ ಯಾವ ಮಗುವಿನೊಡನೆ ನಮ್ಮ ಮಗು ಆಡಬೇಕು, ಯಾರ ಬುತ್ತಿಯನ್ನು ಯಾರೊಡನೆ ಹಂಚಿಕೊಳ್ಳಬೇಕು, ತರಗತಿಯಲ್ಲಿ ಯಾರ ಪಕ್ಕದಲ್ಲಿ ಯಾರನ್ನು ಕೂರಿಸಬೇಕು ಎಂಬುದನ್ನು ದಿನನಿತ್ಯವೂ ನಿರ್ಧರಿಸುವವರು ಅವರೇ. ಮಕ್ಕಳು ಶರೀಫರ ಪದವನ್ನು ಹಾಡುವಾಗ ರಾಗತಾಳಗಳೊಡನೆ ಈ ಗುರುಶಿಷ್ಯರ ವೃತ್ತಾಂತವನ್ನೂ ಅವರಿಗೆ ಹೇಳಬೇಕೆಂದು ನಾವು ಬೇಡುತ್ತೇವೆ.